ಹಸಿರು ಕಟ್ಟಡ: ಸರ್ಟಿಫಿಕೇಟ್ ಎಂಜಿನಿಯರ್‌ಗೆ, ಗೋಡೆ ಕಟ್ಟುವ ಗೌಂಡಿಗೆ ತರಬೇತಿ ಎಲ್ಲಿ?

ಮುಂಬೈ, ಪುಣೆ, ಹೈದರಾಬಾದ್ ಯಾವ ಊರಿನದೇ ಆಗಲಿ, ಹೊಸ ಅಪಾರ್ಟ್‌ಮೆಂಟಿನ ಜಾಹೀರಾತು ತೆಗೆದು ನೋಡಿ. 'ಗ್ರೀನ್ ಬಿಲ್ಡಿಂಗ್' ಎಂಬ ಮಾತು ಎಲ್ಲೋ ಒಂದು ಕಡೆ ಸಿಕ್ಕೇ ಸಿಗುತ್ತದೆ. ನಕ್ಷೆ ಹಾಕಿದ ಆರ್ಕಿಟೆಕ್ಟ್, ಸಲಹೆ ಕೊಟ್ಟ ಎಂಜಿನಿಯರ್ ಬಳಿ ಹಸಿರು ಕಟ್ಟಡದ ಪರೀಕ್ಷೆ ಪಾಸಾದ ಪ್ರಮಾಣಪತ್ರವೂ ಇರಬಹುದು. ಆದರೆ ಬಿಸಿಲಲ್ಲಿ ನಿಂತು ಗೋಡೆ ಎಬ್ಬಿಸುವ ಗೌಂಡಿಗೆ 'ಈ ಇಟ್ಟಿಗೆ ಬೇರೆ, ಈ ಸಿಮೆಂಟ್ ಬೇರೆ, ಇದನ್ನು ಹೀಗೆ ಬಳಸಬೇಕು' ಎಂದು ಹೇಳಿಕೊಟ್ಟವರು ಯಾರು? ಪರಿಸರಸ್ನೇಹಿ ನಿರ್ಮಾಣ ಮತ್ತು ಹಳೆಯ ಕಟ್ಟಡಗಳ ನವೀಕರಣದ ತರಬೇತಿ ನಮ್ಮ ದೇಶದಲ್ಲಿ ಎಲ್ಲಿ ಸಿಗುತ್ತದೆ, ಏನು ಕಲಿಸುತ್ತಾರೆ, ಕೊಂಡಿ ಎಲ್ಲಿ ತಪ್ಪಿದೆ ಎಂಬುದರ ವಿವರ ಇಲ್ಲಿದೆ.

ಸಿಮೆಂಟ್ ಬದಲಾಗಿದೆ, ಅಭ್ಯಾಸ ಬದಲಾಗಿಲ್ಲ

ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇ 7ರಿಂದ 8ರಷ್ಟು ಸಿಮೆಂಟ್ ಒಂದರಿಂದಲೇ ಬರುತ್ತದೆ. ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟು ಕ್ಲಿಂಕರ್ ಮಾಡಬೇಕು. ಸುಡಲು ಬಳಸುವ ಕಲ್ಲಿದ್ದಲಿನ ಹೊಗೆ ಒಂದು ಭಾಗವಾದರೆ, ಸುಣ್ಣದ ಕಲ್ಲಿನೊಳಗೇ ಇರುವ ಅನಿಲ ಹೊರಬರುವುದು ಅದಕ್ಕಿಂತ ದೊಡ್ಡ ಭಾಗ. ಹಾಗಾಗಿ ಕ್ಲಿಂಕರ್ ಪ್ರಮಾಣ ತಗ್ಗಿಸುವುದೇ ಉಳಿದಿರುವ ಮುಖ್ಯ ದಾರಿ. ಉಷ್ಣ ವಿದ್ಯುತ್ ಸ್ಥಾವರಗಳ ಹಾರುಬೂದಿಯನ್ನು ಶೇ 15ರಿಂದ 35ರವರೆಗೆ ಬೆರೆಸಿದ ಪಿಪಿಸಿ ಸಿಮೆಂಟ್ ಈಗ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಸುಟ್ಟ ಜೇಡಿಮಣ್ಣು ಮತ್ತು ಸುಣ್ಣದ ಕಲ್ಲಿನ ಪುಡಿ ಸೇರಿಸಿ, ಕ್ಲಿಂಕರನ್ನು ಅರ್ಧಕ್ಕೆ ಇಳಿಸಿದ ಎಲ್‌ಸಿ3 ಎಂಬ ಸಿಮೆಂಟ್‌ಗೆ ಭಾರತೀಯ ಮಾನಕ ಸಂಸ್ಥೆ 2023ರಲ್ಲಿ ಮಾನದಂಡ ಪ್ರಕಟಿಸಿದೆ.

ತೊಂದರೆ ಶುರುವಾಗುವುದು ಚೀಲ ಸೈಟಿಗೆ ಬಂದ ಮೇಲೆ. ಬೂದಿ ಬೆರೆತ ಸಿಮೆಂಟ್ ನಿಧಾನವಾಗಿ ಗಟ್ಟಿಯಾಗುತ್ತದೆ. ಕಾಂಕ್ರೀಟ್ ಕೆಲಸದ ಮಾನದಂಡವಾದ ಐಎಸ್ 456 ಪ್ರಕಾರ ಮಾಮೂಲಿ ಸಿಮೆಂಟಿನ ಕಾಂಕ್ರೀಟ್‌ಗೆ ಕನಿಷ್ಠ 7 ದಿನ ನೀರುಣಿಸಿದರೆ ಸಾಕು, ಮಿಶ್ರ ಸಿಮೆಂಟಿನದಕ್ಕೆ ಕನಿಷ್ಠ 10 ದಿನ ಬೇಕು. ಒಣ ಹವೆ, ಸುಡು ಬಿಸಿಲಿದ್ದರೆ 14 ದಿನ. ಅನೇಕ ಸೈಟುಗಳಲ್ಲಿ ಮೂರು ದಿನ ಪೈಪು ಹಿಡಿದರೆ ಅದೇ ದೊಡ್ಡದು. ಹೀಗಾದಾಗ ಕಾಗದದ ಮೇಲೆ ಹಸಿರಾಗಿದ್ದ ಕಾಂಕ್ರೀಟ್ ನಿಜದಲ್ಲಿ ಬಿರುಕು ಬಿಡುತ್ತದೆ, 50 ವರ್ಷ ಬಾಳಬೇಕಾದ್ದು 20 ವರ್ಷಕ್ಕೆ ದುರಸ್ತಿಗೆ ಬರುತ್ತದೆ. 'ಪಿಪಿಸಿ ಸರಿ ಇಲ್ಲ ಸಾರ್' ಎಂಬ ಮಾತು ಹುಟ್ಟುವುದೂ ಹೀಗೆಯೇ.

ಹಗುರ ಎಎಸಿ ಬ್ಲಾಕ್‌ಗಳ ಕಥೆಯೂ ಇಷ್ಟೇ. ಅವಕ್ಕೆ 2–3 ಮಿಲಿಮೀಟರ್‌ನ ತೆಳು ಕೂಡಿಕೆ, ಅದಕ್ಕೆಂದೇ ತಯಾರಾದ ಅಂಟು ಗಾರೆ ಬೇಕು. ಇಟ್ಟಿಗೆ ಕಟ್ಟಿ ಪಳಗಿದ ಕೈ ಅರ್ಧ ಇಂಚು ಸಿಮೆಂಟ್ ಗಾರೆ ಹಾಕಿಯೇ ಕಟ್ಟುತ್ತದೆ. ಬ್ಲಾಕು ಗಾರೆಯ ನೀರನ್ನೆಲ್ಲ ಹೀರಿಕೊಂಡು ಗೋಡೆ ತುಂಬ ಗೆರೆ ಬೀಳುತ್ತದೆ. ಇದರಲ್ಲಿ ಗೌಂಡಿಯ ತಪ್ಪೇನಿದೆ? ಅವನು ಕಲಿತದ್ದನ್ನು ಅವನು ಮಾಡಿದ.

ಮೇಲಿನ ಹಂತದಲ್ಲಿ ಕೊರತೆಯಿಲ್ಲ

ಆರ್ಕಿಟೆಕ್ಟ್, ಎಂಜಿನಿಯರ್‌ಗಳಿಗೆ ಕಲಿಯುವ ದಾರಿಗಳು ಸಾಕಷ್ಟಿವೆ. ಭಾರತೀಯ ಉದ್ಯಮ ಒಕ್ಕೂಟ ಸಿಐಐ 2001ರಲ್ಲಿ ಆರಂಭಿಸಿದ ಇಂಡಿಯನ್ ಗ್ರೀನ್ ಬಿಲ್ಡಿಂಗ್ ಕೌನ್ಸಿಲ್‌ನ ಕೇಂದ್ರ ಹೈದರಾಬಾದ್‌ನಲ್ಲಿದೆ. ಅಲ್ಲಿನ ಸೊಹ್ರಾಬ್ಜಿ ಗೋದ್ರೆಜ್ ಗ್ರೀನ್ ಬಿಸಿನೆಸ್ ಸೆಂಟರ್ ಕಟ್ಟಡ ಅಮೆರಿಕದ ಹೊರಗೆ ಲೀಡ್ ಪ್ಲಾಟಿನಂ ರೇಟಿಂಗ್ ಪಡೆದ ಮೊದಲ ಕಟ್ಟಡ. 2004ರಲ್ಲಿ ಅಂದಿನ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ಉದ್ಘಾಟಿಸಿದ್ದರು. ಈ ಕೌನ್ಸಿಲ್ ತನ್ನದೇ ಪರೀಕ್ಷೆ ನಡೆಸಿ 'ಅಕ್ರೆಡಿಟೆಡ್ ಪ್ರೊಫೆಷನಲ್' ಮಾನ್ಯತೆ ಕೊಡುತ್ತದೆ. ದೆಹಲಿಯ ಟೆರಿ ಸಂಸ್ಥೆ ಮತ್ತು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಸೇರಿ ರೂಪಿಸಿದ 'ಗೃಹ' ರೇಟಿಂಗ್‌ಗೂ ಪ್ರತ್ಯೇಕ ತರಬೇತಿ, ಪರೀಕ್ಷೆ ಇವೆ. ವಿದೇಶದಲ್ಲಿ ಕೆಲಸ ಹುಡುಕುವವರು ಸಾಮಾನ್ಯವಾಗಿ ಲೀಡ್ ಗ್ರೀನ್ ಅಸೋಸಿಯೇಟ್‌ನಿಂದ ಶುರು ಮಾಡುತ್ತಾರೆ. ಎರಡು ಗಂಟೆಯಲ್ಲಿ 100 ಪ್ರಶ್ನೆ, ಉತ್ತರ ಆರಿಸುವ ಮಾದರಿ.

ಇವುಗಳ ಜತೆಗೆ ಕಾನೂನಿನ ಓದು ಬೇರೆ. ಇಂಧನ ದಕ್ಷತಾ ಬ್ಯೂರೊ ಅಂದರೆ ಬಿಇಇ 2007ರಲ್ಲಿ ವಾಣಿಜ್ಯ ಕಟ್ಟಡಗಳ ಇಂಧನ ಸಂಹಿತೆ ತಂದು 2017ರಲ್ಲಿ ಪರಿಷ್ಕರಿಸಿತು. ಮನೆಗಳಿಗಾಗಿ 2018ರಲ್ಲಿ 'ಇಕೋ ನಿವಾಸ್ ಸಂಹಿತೆ' ಬಂತು. ಅದರ ಲೆಕ್ಕ ಸರಳವಾಗಿಯೇ ಇದೆ. ಚಳಿ ಪ್ರದೇಶ ಬಿಟ್ಟು ಉಳಿದೆಡೆ ಗೋಡೆ ಮತ್ತು ಕಿಟಕಿಗಳ ಮೂಲಕ ಒಳಬರುವ ಶಾಖದ ಮಾಪನ ಪ್ರತಿ ಚದರ ಮೀಟರ್‌ಗೆ 15 ವ್ಯಾಟ್ ಮೀರಬಾರದು. ಮುಂಬೈ, ಚೆನ್ನೈನಂಥ ಸೆಕೆಯ ಕರಾವಳಿ ನಗರಗಳಲ್ಲಿ ತೆರೆಯಬಹುದಾದ ಕಿಟಕಿ-ಬಾಗಿಲುಗಳ ವಿಸ್ತೀರ್ಣ ನೆಲದ ವಿಸ್ತೀರ್ಣದ ಆರನೇ ಒಂದು ಭಾಗವಾದರೂ ಇರಬೇಕು. ದೆಹಲಿ, ಹೈದರಾಬಾದ್‌ನಲ್ಲಿ ಎಂಟನೇ ಒಂದು ಭಾಗ. ನಿಮ್ಮ ಫ್ಲ್ಯಾಟಿನ ಹಾಲ್ ಅಳೆದು ನೋಡಿ. ಸರಿಯುವ ಗಾಜಿನ ಕಿಟಕಿಯಾದರೆ ತೆರೆಯುವುದು ಅರ್ಧ ಮಾತ್ರ ಎಂಬುದನ್ನು ಮರೆಯಬೇಡಿ. ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, ಸಂಹಿತೆಯ ಹೆಸರಿಗೇ 'ಸುಸ್ಥಿರ' ಎಂಬ ಪದ ಸೇರಿತು.

ಇವೆಲ್ಲ ಬೇಕಾದವೇ. ಆದರೆ ಈ ಪರೀಕ್ಷೆಗಳಲ್ಲಿ ಹೆಚ್ಚಿನವನ್ನು ಕಂಪ್ಯೂಟರ್ ಮುಂದೆ ಕುಳಿತೇ ಮುಗಿಸಬಹುದು. ಒಂದು ಸಲವೂ ಸುಣ್ಣ ಕಲಸದೆ, ಮಣ್ಣು ಮುಟ್ಟದೆ ಹಸಿರು ಕಟ್ಟಡ ತಜ್ಞರಾಗಲು ಯಾವ ಅಡ್ಡಿಯೂ ಇಲ್ಲ.

ಅಸ್ತ್ರ ಒಲೆ ಕೊಟ್ಟವರು ಇಟ್ಟಿಗೆಯನ್ನೂ ಕೊಟ್ಟರು

ಇದಕ್ಕೆ ವಿರುದ್ಧ ದಿಕ್ಕಿನಿಂದ, ಅಂದರೆ ಕೈಕೆಲಸದಿಂದ ಶುರುವಾದ ಪ್ರಯತ್ನವೂ ನಮ್ಮಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಘಟಕ ಆರಂಭವಾಯಿತು. ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವುದು ಅದರ ಕೆಲಸ. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದ ಅನೇಕರಿಗೆ ನೆನಪಿರುತ್ತದೆ. ಅದೇ ಘಟಕದ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಹೋದ್ಯೋಗಿಗಳು ಕೈಯಿಂದ ಒತ್ತುವ ಯಂತ್ರದಲ್ಲಿ ತಯಾರಾಗುವ, ಸುಡಬೇಕಿಲ್ಲದ ಮಣ್ಣಿನ ಇಟ್ಟಿಗೆಯನ್ನು ಬೆಳೆಸಿದರು. ಬೆಂಗಳೂರಿನಲ್ಲಿ ಇಂದು ಇಂಥ ಮನೆಗಳು ಸಾವಿರಾರಿವೆ. ಆ ಘಟಕವೇ ಮುಂದೆ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಯಿತು.

ಈ ಇಟ್ಟಿಗೆಯ ಗುಟ್ಟು ಮಣ್ಣಿನ ಆಯ್ಕೆಯಲ್ಲಿದೆ. ಮರಳಿನ ಅಂಶ ಹೆಚ್ಚಿರಬೇಕು, ಜೇಡಿ ಹಿತಮಿತವಾಗಿರಬೇಕು, ಶೇ 7–8ರಷ್ಟು ಸಿಮೆಂಟ್ ಸೇರಿಸಿ ಒತ್ತಿ, ಕೆಲವು ವಾರ ತೇವದಲ್ಲಿಡಬೇಕು. ಸುಟ್ಟ ಇಟ್ಟಿಗೆಗೆ ಹೋಲಿಸಿದರೆ ಶೇ 60ರಿಂದ 70ರಷ್ಟು ಇಂಧನ ಉಳಿತಾಯ ಎಂದು ಈ ತಂಡದ ಲೆಕ್ಕಗಳು ಹೇಳುತ್ತವೆ. ತರಬೇತಿಯ ಮೊದಲ ಪಾಠ ಒಂದು ಗಾಜಿನ ಬಾಟಲಿ. ಅದರಲ್ಲಿ ಮಣ್ಣು ಮತ್ತು ನೀರು ಹಾಕಿ, ಅಲ್ಲಾಡಿಸಿ, ಬಿಟ್ಟರೆ ಕೆಳಗೆ ಮರಳು, ಅದರ ಮೇಲೆ ನುಣುಪು ಮಣ್ಣು, ಎಲ್ಲಕ್ಕಿಂತ ಮೇಲೆ ಜೇಡಿ ಪದರಪದರವಾಗಿ ಕೂರುತ್ತದೆ. ಯಾವುದು ಎಷ್ಟಿದೆ ಎಂದು ಕಣ್ಣಿಗೇ ಕಾಣುತ್ತದೆ, ಓದು ಬರಹ ಬಾರದವರಿಗೂ ಅರ್ಥವಾಗುತ್ತದೆ. ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ನೀರು ಕುಡಿದರೆ ಉಬ್ಬುವ, ಒಣಗಿದರೆ ಬಿರಿಯುವ ಮಣ್ಣದು. ಅದಕ್ಕೆ ಸಿಮೆಂಟಿಗಿಂತ ಸುಣ್ಣ ಒಗ್ಗುತ್ತದೆ. ಹೀಗೆ ಊರಿನಿಂದ ಊರಿಗೆ ಪಾಠವೇ ಬದಲಾಗುವುದರಿಂದ ಇಡೀ ದೇಶಕ್ಕೆ ಒಂದೇ ಪಠ್ಯಪುಸ್ತಕ ಹಂಚಿ ಕೈತೊಳೆದುಕೊಳ್ಳಲು ಬರುವುದಿಲ್ಲ.

ನಿರ್ಮಿತಿ ಕೇಂದ್ರ ಹುಟ್ಟಿದ್ದು ಯಾಕೆ?

ಕರ್ನಾಟಕದವರಿಗೆ 'ನಿರ್ಮಿತಿ ಕೇಂದ್ರ' ಎಂದರೆ ಶಾಲಾ ಕೊಠಡಿ, ಅಂಗನವಾಡಿ, ಸಮುದಾಯ ಭವನ ಕಟ್ಟುವ ಸರ್ಕಾರಿ ಏಜೆನ್ಸಿ. ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ಆದರೆ ಈ ಕಲ್ಪನೆ ಹುಟ್ಟಿದ್ದು ಕೇರಳದ ಕೊಲ್ಲಂನಲ್ಲಿ, 1980ರ ದಶಕದ ಮಧ್ಯದ ಪ್ರವಾಹದ ನಂತರ. ಸ್ಥಳೀಯ ಸಾಮಗ್ರಿಯಿಂದ ಅಗ್ಗದ, ಗಟ್ಟಿ ಮನೆ ಕಟ್ಟುವುದನ್ನು ಗೌಂಡಿ, ಬಡಗಿಗಳಿಗೆ ಕಲಿಸುವುದು ಅದರ ಉದ್ದೇಶವಾಗಿತ್ತು. ಹುಡ್ಕೊ 1988ರಿಂದ ಇದನ್ನು ದೇಶವ್ಯಾಪಿ ಯೋಜನೆಯಾಗಿಸಿತು. ಅನೇಕ ಕಡೆ ಕಾಲಕ್ರಮೇಣ ಕಟ್ಟುವ ಕೆಲಸ ಬೆಳೆಯಿತು, ಕಲಿಸುವ ಕೆಲಸ ಸೊರಗಿತು. ಪ್ರತಿ ಜಿಲ್ಲೆಯಲ್ಲೂ ಕಟ್ಟಡ, ಅಂಗಳ, ಎಂಜಿನಿಯರ್‌ಗಳಿರುವ ಇಂಥ ಜಾಲ ಇನ್ನೊಂದಿಲ್ಲ. ಹೊಸ ಅಕಾಡೆಮಿ ಕಟ್ಟುವ ಮಾತಿಗಿಂತ ಇದನ್ನೇ ಮತ್ತೆ ಪಾಠಶಾಲೆ ಮಾಡುವುದು ಸುಲಭ ಎನಿಸುತ್ತದೆ.

ಆ ಕಾಲದ ಪ್ರೇರಣೆ ಲಾರಿ ಬೇಕರ್. ಇಂಗ್ಲೆಂಡಿನಲ್ಲಿ 1917ರಲ್ಲಿ ಹುಟ್ಟಿ, ಭಾರತಕ್ಕೆ ಬಂದು ನೆಲೆಸಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡ ಈ ಆರ್ಕಿಟೆಕ್ಟ್, ಸೈಟಿನಲ್ಲಿ ಗೌಂಡಿಗಳ ಜತೆ ನಿಂತೇ ಕಲಿಸಿದವರು. ಅವರು ಕೇರಳದಲ್ಲಿ ಜನಪ್ರಿಯಗೊಳಿಸಿದ 'ರ‍್ಯಾಟ್ ಟ್ರ್ಯಾಪ್' ಕಟ್ಟಡ ವಿಧಾನದಲ್ಲಿ ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತಾರೆ. ಗೋಡೆಯ ನಡುವೆ ಗಾಳಿಯ ಗೂಡು ಉಳಿಯುತ್ತದೆ. ಇಟ್ಟಿಗೆ ಕಾಲು ಭಾಗ ಉಳಿತಾಯ, ಬಿಸಿಯೂ ಒಳಗೆ ಬೇಗ ಇಳಿಯದು. ಚಾವಣಿಯ ಕಾಂಕ್ರೀಟಿನ ಕೆಳಭಾಗದಲ್ಲಿ ಹಳೆಯ ಮಂಗಳೂರು ಹಂಚುಗಳನ್ನು ಹುದುಗಿಸುವ 'ಫಿಲ್ಲರ್ ಸ್ಲ್ಯಾಬ್' ಇನ್ನೊಂದು. ಅಲ್ಲಿ ಭಾರ ಹೊರುವುದು ಕಬ್ಬಿಣದ ಸರಳು, ಕಾಂಕ್ರೀಟ್ ಸುಮ್ಮನೆ ತುಂಬಿಕೊಂಡಿರುತ್ತದೆ. ಆ ಜಾಗಕ್ಕೆ ಹಂಚು ಸಾಕು. ಬೇಕರ್ ಜತೆಗಿದ್ದವರು 1985ರಲ್ಲಿ ತ್ರಿಶೂರಿನಲ್ಲಿ ಕಟ್ಟಿದ ಕಾಸ್ಟ್‌ಫೋರ್ಡ್, ತಿರುವನಂತಪುರದ ಬಳಿಯ ಲಾರಿ ಬೇಕರ್ ಕೇಂದ್ರ ಈ ವಿದ್ಯೆಯನ್ನು ಮುಂದುವರಿಸಿವೆ.

ಕಲಿಯಬೇಕೆನ್ನುವವರಿಗೆ ಚೆನ್ನೈಗೆ ಹತ್ತಿರದ ಜಾಗ ಆರೋವಿಲ್ ಅರ್ಥ್ ಇನ್‌ಸ್ಟಿಟ್ಯೂಟ್. 1989ರಿಂದ ಮಣ್ಣಿನ ಬ್ಲಾಕ್, ಕಮಾನು, ಗುಮ್ಮಟ ಕಟ್ಟುವುದನ್ನು ಕಿರು ಅವಧಿಯ ಕೋರ್ಸ್‌ಗಳಲ್ಲಿ ಕಲಿಸುತ್ತಿದೆ. ಆರ್ಕಿಟೆಕ್ಟ್ ಕೂಡ ಕೈ ಕೆಸರು ಮಾಡಿಕೊಳ್ಳಲೇಬೇಕು. ಗುಜರಾತಿನ ಭುಜ್‌ನಲ್ಲಿ 2001ರ ಭೂಕಂಪದ ನಂತರ ರೂಪುಗೊಂಡ ಹುನ್ನರ್‌ಶಾಲಾ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕುಶಲಕರ್ಮಿ ಯುವಕರಿಗೆಂದೇ 'ಕಾರೀಗರ್‌ಶಾಲಾ' ನಡೆಸಿತು. ಅಲ್ಲಿ ಮೇಷ್ಟ್ರು ಅನುಭವಿ ಗೌಂಡಿಯೇ.

ಹಳೆಯ ಕಟ್ಟಡ: ಅತಿ ಹೆಚ್ಚು ತರಬೇತಿ ಬೇಕಾದ ಜಾಗ

ಹೊಸದನ್ನು ಹಸಿರಾಗಿ ಕಟ್ಟುವುದಕ್ಕಿಂತ ಇರುವುದನ್ನು ಉಳಿಸಿಕೊಂಡು ಸುಧಾರಿಸುವುದು ಹೆಚ್ಚು ಸಲ ಪರಿಸರಕ್ಕೆ ಲಾಭ. ಅಡಿಪಾಯ, ಕಂಬ, ತೊಲೆಗಳಿಗೆ ಖರ್ಚಾದ ಇಂಗಾಲ ಈಗಾಗಲೇ ಖರ್ಚಾಗಿದೆ; ಕೆಡವಿದರೆ ಅದಷ್ಟೂ ಕಸ. ಆದರೆ ನವೀಕರಣದ ಕೆಲಸ ಹೊಸ ಕಟ್ಟಡಕ್ಕಿಂತ ಕಷ್ಟ. ಗೋಡೆಯೊಳಗೆ ಏನಿದೆಯೋ ಮೊದಲು ಓದಬೇಕು.

ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. 'ಗಾರೆ' ಎಂದರೆ ಮೂಲತಃ ಸುಣ್ಣ ಮರಳು ಅರೆದ ಮಿಶ್ರಣ. ಇಂದಿಗೂ ಕೆಲಸದವರನ್ನು ಗಾರೆಯವರು ಎನ್ನುತ್ತೇವೆ. ಹೆಸರು ಉಳಿಯಿತು, ಸುಣ್ಣ ಹೋಯಿತು. ಚೆನ್ನೈನ ಹಳೆಯ ಮನೆಗಳ ಮದ್ರಾಸ್ ತಾರಸಿ, ಪುಣೆಯ ವಾಡೆಗಳು, ಹೈದರಾಬಾದಿನ ದೇವಡಿಗಳು ಎಲ್ಲವೂ ಸುಣ್ಣದ ಕಟ್ಟಡಗಳು. ಸುಣ್ಣದ ಗೋಡೆ ತೇವ ಹೀರಿ ಮತ್ತೆ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಸಾರಣೆ ಬಳಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ, ಉಪ್ಪು ಹೂ ಬಿಡುತ್ತದೆ, ಮೆತ್ತನೆಯ ಹಳೆ ಇಟ್ಟಿಗೆ ಪುಡಿಯಾಗಿ ಉದುರುತ್ತದೆ. ಮೇಲಿನ ಸಿಮೆಂಟ್ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ! 'ಎರಡು ವರ್ಷದ ಹಿಂದಷ್ಟೇ ಪ್ಲಾಸ್ಟರ್ ಮಾಡಿಸಿದ್ದೆವು, ಮತ್ತೆ ತೇವ' ಎನ್ನುವ ಮನೆಗಳಲ್ಲಿ ಕಾರಣ ಹಲವು ಬಾರಿ ಆ ಪ್ಲಾಸ್ಟರೇ.

ದೆಹಲಿಯ ಹುಮಾಯೂನ್ ಸಮಾಧಿಯ ಉದಾಹರಣೆ ನೋಡಿ. 2013ರಲ್ಲಿ ಮುಗಿದ ಜೀರ್ಣೋದ್ಧಾರದಲ್ಲಿ ಆಗಾ ಖಾನ್ ಟ್ರಸ್ಟ್ ಮತ್ತು ಪುರಾತತ್ವ ಇಲಾಖೆಯ ತಂಡ ಚಾವಣಿಯಿಂದ ಸುಮಾರು 10 ಲಕ್ಷ ಕಿಲೋ ಕಾಂಕ್ರೀಟ್ ತೆಗೆಯಿತು. ಅದು 20ನೇ ಶತಮಾನದಲ್ಲಿ ದುರಸ್ತಿ ಎಂದು ಪದರ ಪದರವಾಗಿ ಹಾಕಿದ್ದು. ಅದೇ ಯೋಜನೆಯಲ್ಲಿ ಬಣ್ಣದ ಹಂಚು ಮಾಡುವ ಮರೆತ ವಿದ್ಯೆಯನ್ನು ಉಜ್ಬೇಕಿಸ್ತಾನದ ಕುಶಲಿಗಳಿಂದ ನಿಜಾಮುದ್ದೀನ್ ಬಸ್ತಿಯ ಯುವಕರಿಗೆ ಕಲಿಸಲಾಯಿತು. ಸ್ಮಾರಕಕ್ಕೆ ಇಷ್ಟು ಮಾಡಲು ಸಾಧ್ಯವಾದರೆ, ಜನ ವಾಸಿಸುವ ಹಳೆ ಚಾಳುಗಳಿಗೆ ಅದರ ಹತ್ತರಲ್ಲಿ ಒಂದು ಪಾಲು ಜ್ಞಾನವಾದರೂ ತಲುಪಬೇಕಲ್ಲವೇ?

ಸಿಮೆಂಟ್ ಯುಗದ ಕಟ್ಟಡಗಳ ಕಾಯಿಲೆ ಬೇರೆ. ಕರಾವಳಿಯ ಉಪ್ಪುಗಾಳಿಗೆ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಸ್ಲ್ಯಾಬಿನ ತಳ ಸಿಡಿದು ಬೀಳುತ್ತದೆ. ತುಕ್ಕು ಉಜ್ಜದೆ ಮೇಲೆ ಗಾರೆ ತೇಪೆ ಹಾಕುವುದು ಗಾಯಕ್ಕೆ ಪೌಡರ್ ಹಾಕಿದಂತೆ. ಮಹಾರಾಷ್ಟ್ರದಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ರಚನಾ ತಪಾಸಣೆ ಕಡ್ಡಾಯ. ಅದು ಮುಗಿಯುವ ಮೊದಲೇ ಸೋಲಾರ್ ಫಲಕ, ತಾರಸಿ ತೋಟ ಎಂದು ಭಾರ ಏರಿಸುವುದು ಹಸಿರಿನ ಹೆಸರಿನಲ್ಲಿ ಅಪಾಯ ತಂದುಕೊಂಡಂತೆ. ಒಳ್ಳೆಯ ನವೀಕರಣ ಕೋರ್ಸ್ ಈ ಕ್ರಮವನ್ನೇ ಮೊದಲು ಕಲಿಸುತ್ತದೆ: ಮೊದಲು ಬಲ, ಆಮೇಲೆ ತೇವ, ಆಮೇಲೆ ಬಿಸಿ, ಕೊನೆಗೆ ಯಂತ್ರ. ಬಿಸಿ ತಗ್ಗಿಸಲು ತಾರಸಿಗೆ ಬಿಳಿ ಹಂಚಿನ ಚೂರು ಅಥವಾ ಪ್ರತಿಫಲಿಸುವ ಬಣ್ಣ ಸಾಕಾಗಬಹುದು. ತೆಲಂಗಾಣವಂತೂ 2023ರಲ್ಲಿ ಇದಕ್ಕೆಂದೇ 'ಕೂಲ್ ರೂಫ್' ನೀತಿ ತಂದಿದೆ.

ಕೆಲಸಗಾರರ ಆರೋಗ್ಯದ ಪಾಠ ಬಹುತೇಕ ಎಲ್ಲೂ ಇಲ್ಲ. ಭಾರತದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸದ ಮಿತಿಯನ್ನು 90 ಪಿಪಿಎಂಗೆ ಇಳಿಸಿದ ನಿಯಮ ಜಾರಿಯಾದದ್ದು 2017ರಲ್ಲಿ. ಅದಕ್ಕೂ ಹಳೆಯ ಬಣ್ಣವನ್ನು ಒಣದಾಗಿ ಉಜ್ಜಿದರೆ ಏಳುವ ಧೂಳಿನಲ್ಲಿ ಸೀಸ ಇರಬಹುದು. ಅದು ಮಕ್ಕಳ ಮಿದುಳಿಗೆ ವಿಷ. ಹಳೆಯ ಆಸ್ಬೆಸ್ಟಾಸ್ ಶೀಟುಗಳನ್ನು ಸುತ್ತಿಗೆಯಲ್ಲಿ ಒಡೆದು ಇಳಿಸುವುದು ಇನ್ನೂ ಕೆಟ್ಟದ್ದು. ನೀರು ಚಿಮುಕಿಸಿ, ಬೋಲ್ಟ್ ಬಿಚ್ಚಿ, ಇಡಿಯಾಗಿ ಇಳಿಸಬೇಕು. ಇದನ್ನು ಕಲಿಸಲು ಅರ್ಧ ದಿನ ಸಾಕು.

ವಲಸೆ ಹೋದ ಗೌಂಡಿಗೆ ಯಾವ ಭಾಷೆಯಲ್ಲಿ ಪಾಠ?

ಕೃಷಿಯ ನಂತರ ಅತಿ ಹೆಚ್ಚು ಜನರಿಗೆ ಕೂಲಿ ಕೊಡುವ ಕ್ಷೇತ್ರ ನಿರ್ಮಾಣ. ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳಿಂದ ಮುಂಬೈ, ಪುಣೆ, ಹೈದರಾಬಾದ್‌ಗೆ ಗುಳೆ ಹೋದವರಲ್ಲಿ ಈ ಕೆಲಸದವರೇ ಬಹಳ. ಇವರಿಗೆ ಸರ್ಕಾರಿ ದಾರಿಗಳು ಎರಡು. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ 45 ದಿನಗಳ ಗೌಂಡಿ ತರಬೇತಿ ಇದೆ. ನಿಜವಾದ ಮನೆ ಕಟ್ಟುತ್ತಲೇ ಕಲಿಯುವುದು ಅದರ ಒಳ್ಳೆಯ ಗುಣ. ಎರಡನೆಯದು ಕೌಶಲ ವಿಕಾಸ ಯೋಜನೆಯಡಿ, ಈಗಾಗಲೇ ಕೆಲಸ ಬಲ್ಲವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ. ಇದು ಇರುವ ಕೌಶಲವನ್ನು ಗುರುತಿಸುತ್ತದೆ. ಹೊಸದನ್ನು ಕಲಿಸುವುದು ಕಡಿಮೆ.

ಹಣದ ದಾರಿಯೂ ಇದೆ. 1996ರ ಕಾಯ್ದೆಯಿಂದ ಹುಟ್ಟಿದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗಳಿಗೆ ನಿರ್ಮಾಣ ವೆಚ್ಚದ ಶೇ 1ರಷ್ಟು ಸೆಸ್ ಸೇರುತ್ತದೆ. ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಊರು ಬಿಟ್ಟು ಊರಿಗೆ ಹೋದ ಕಾರ್ಮಿಕರು ಇಲ್ಲೂ ಇಲ್ಲ, ಅಲ್ಲೂ ಇಲ್ಲ ಎಂಬಂತಾಗುತ್ತಾರೆ. ತರಬೇತಿ ಸಿಕ್ಕರೂ ಅದು ಹಿಂದಿಯಲ್ಲೋ ಮರಾಠಿಯಲ್ಲೋ ಇರುತ್ತದೆ. ಮುಂಬೈ, ಪುಣೆಯ ಕನ್ನಡ ಸಂಘಗಳು ಭಾನುವಾರ ಒಬ್ಬ ಎಂಜಿನಿಯರ್, ಒಬ್ಬ ಹಿರಿಯ ಗೌಂಡಿಯನ್ನು ಕೂರಿಸಿ ಕನ್ನಡದಲ್ಲೇ ಎರಡು ಗಂಟೆ ಕ್ಯೂರಿಂಗ್, ಸುಣ್ಣ, ಸುರಕ್ಷತೆ ಹೇಳಿಕೊಟ್ಟರೆ ನಾಟಕೋತ್ಸವದಷ್ಟೇ ಸಾರ್ಥಕ ಕೆಲಸವಾದೀತು. ತಲೆಯ ಮೇಲೆ ಬುಟ್ಟಿ ಹೊರುವ ಹೆಂಗಸರನ್ನೂ ಕರೆಯಬೇಕು. ಕೇರಳದ ಕುಟುಂಬಶ್ರೀ ಗುಂಪುಗಳ ಮಹಿಳೆಯರು ಗೌಂಡಿ ಕೆಲಸ ಕಲಿತು ಪೂರ್ತಿ ಮನೆಗಳನ್ನೇ ಕಟ್ಟಿದ್ದಾರೆ.

ಕೋರ್ಸ್ ಸೇರುವ ಮುನ್ನ, ಕೆಲಸ ಒಪ್ಪಿಸುವ ಮುನ್ನ

ಕೋರ್ಸ್ ಹುಡುಕುವವರು ಮೊದಲು ಕೇಳಬೇಕಾದ್ದು ಶುಲ್ಕವನ್ನಲ್ಲ, ಸೈಟಿನಲ್ಲಿ ಎಷ್ಟು ದಿನ ಎಂಬುದನ್ನು. ರೇಟಿಂಗ್ ಸಲಹೆಗಾರರಾಗುವ ಆಸೆಯಿದ್ದರೆ ಕೌನ್ಸಿಲ್, ಗೃಹ, ಲೀಡ್ ಪರೀಕ್ಷೆಗಳು ಸರಿ. ಇಂಧನ ತಪಾಸಣೆಯತ್ತ ಒಲವಿದ್ದರೆ ಬಿಇಇಯ ಎನರ್ಜಿ ಮ್ಯಾನೇಜರ್, ಆಡಿಟರ್ ಪರೀಕ್ಷೆಗಳಿವೆ. ಸ್ವತಃ ಕಟ್ಟುವವರಿಗೆ ಆರೋವಿಲ್, ಭುಜ್, ತಿರುವನಂತಪುರದ ದಾರಿ.

ಮನೆ ದುರಸ್ತಿ ಮಾಡಿಸುವವರು ಗುತ್ತಿಗೆದಾರನಿಗೆ ಇಡೀ ಗೋಡೆ ಒಪ್ಪಿಸುವ ಮೊದಲು ಒಂದು ಚದರ ಮೀಟರ್ ಮಾದರಿ ತುಂಡು ಮಾಡಿಸಿ ನೋಡಿ. ಗಾರೆಗೆ ಏನೇನು, ಎಷ್ಟೆಷ್ಟು ಹಾಕಿದ ಎಂದು ಬರೆದಿಟ್ಟುಕೊಳ್ಳಿ. ಎಷ್ಟು ದಿನ ನೀರುಣಿಸುತ್ತೀರಿ ಎಂದು ಗುತ್ತಿಗೆದಾರನನ್ನಲ್ಲ, ಗೌಂಡಿಯನ್ನೇ ಕೇಳಿ. ಆ ದಿನಗಳ ಕೂಲಿಯನ್ನೂ ಕರಾರಿನಲ್ಲಿ ಸೇರಿಸಿ. ಸುಣ್ಣದ ಕೆಲಸವಾದರೆ ಮಳೆಗಾಲದಲ್ಲಿ ಆರಂಭಿಸಬೇಡಿ, ಅದು ಗಾಳಿಯಿಂದ ನಿಧಾನವಾಗಿ ಗಟ್ಟಿಯಾಗುವ ವಸ್ತು. ದೀಪಾವಳಿ ಕಳೆದ ಮೇಲೆ ಶುರು ಮಾಡಿದರೆ ಬೇಸಿಗೆಯ ಹೊತ್ತಿಗೆ ಬಣ್ಣ ಬಳಿಯಬಹುದು.